ಬಾಟಲಿಯ ಮೇಲಿನ ಚುಕ್ಕೆ

ಆಕ್ಸಾಲಿಕ್ ಆಮ್ಲದಲ್ಲಿ ಎಷ್ಟು ಪರಮಾಣುಗಳಿವೆ ಎಂದು ಯಾರಾದರೂ ಕೇಳಿದರೆ ನಾನೀಗ ತಟ್ಟನೆ ಉತ್ತರ ಕೊಡುವುದಿಲ್ಲ. ಪುಸ್ತಕದ್ದೋ, ಬಾಟಲಿಯದ್ದೋ ಎಂದು ಕೇಳುತ್ತೇನೆ. ಪುಸ್ತಕದ್ದಾದರೆ 8: ಕಾರ್ಬನ್ 2, ಹೈಡ್ರೋಜನ್ 2, ಆಕ್ಸಿಜನ್ 4. ಲ್ಯಾಬಿನ ಕಪಾಟಿನಲ್ಲಿರುವ ಬಿಳಿ ಹರಳಿನದ್ದಾದರೆ 14. ಹರಳು ಕಟ್ಟುವಾಗ ಆಮ್ಲದ ಒಂದೊಂದು ಅಣುವಿಗೂ ಎರಡೆರಡು ನೀರಿನ ಅಣು ಸೇರಿಕೊಂಡಿರುತ್ತವೆ. ಮುಟ್ಟಿದರೆ ಒದ್ದೆಯಿಲ್ಲ, ಅರೆದರೂ ಒಣಪುಡಿಯೇ. ಆದರೆ ತಕ್ಕಡಿಗೆ ಹಾಕಿದ 126 ಗ್ರಾಂನಲ್ಲಿ 36 ಗ್ರಾಂ ಬರೀ ನೀರು. ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿ ಸಂಬಳ ಎಣಿಸುವ ನಾನು ಈ ಎರಡು ನೀರನ್ನು ಮರೆತೆ. ಮರೆತದ್ದು ಅಂಥ ದೊಡ್ಡ ವಿಷಯವಲ್ಲ. ಮರೆತ ಮೇಲೆ ನಡೆದುಕೊಂಡ ರೀತಿ ಇದೆಯಲ್ಲ, ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಪರಮಾಣು ಎಣಿಸುವುದನ್ನು ಕಲಿಸುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು ಎಂಬುದನ್ನು ಮೊದಲು ಹೇಳಬೇಕು. ಹೈಸ್ಕೂಲಿನಿಂದ ಬರುವ ಮಕ್ಕಳಲ್ಲಿ ಅರ್ಧಕ್ಕರ್ಧ ಮಂದಿಗೆ ಆವರಣ ಬಂದ ಕೂಡಲೇ ಎಣಿಕೆ ತಪ್ಪುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ನಮ್ಮ ಸುಣ್ಣದ ತಿಳಿಯಲ್ಲಿರುವುದು, 'ಸಿಎ ಓಎಚ್ ಹೋಲ್ ಟ್ವೈಸ್'. ಕೊನೆಯಲ್ಲಿರುವ ಎರಡು ಪಕ್ಕದ ಹೈಡ್ರೋಜನ್ನಿಗೆ ಮಾತ್ರ ಸೇರಿದ್ದು ಎಂದುಕೊಂಡು ಆಕ್ಸಿಜನ್ ಒಂದು, ಹೈಡ್ರೋಜನ್ ಎರಡು ಎಂದು ಬರೆಯುತ್ತಾರೆ. ಅಲ್ಯೂಮಿನಿಯಂ ಸಲ್ಫೇಟ್ ಇನ್ನೂ ಕಷ್ಟ: 'ಎಎಲ್‌ಟು ಎಸ್‌ಓಫೋರ್ ಹೋಲ್ ಥ್ರೈಸ್'. ನಾಲ್ಕು ಮೂರಲಿ 12 ಆಕ್ಸಿಜನ್, 3 ಗಂಧಕ, 2 ಅಲ್ಯೂಮಿನಿಯಂ, ಒಟ್ಟು 17. ಇದನ್ನು ಇಡೀ ತರಗತಿಯಿಂದ ಮಗ್ಗಿ ಹೇಳಿಸಿದಂತೆ ಹೇಳಿಸುತ್ತಿದ್ದೆ. ಅಮೋನಿಯಂ ಸಲ್ಫೇಟಿಗೆ 15, ಅಮೋನಿಯಂ ಫಾಸ್ಫೇಟಿಗೆ 20 ಎಂದು ಹಿಂದಿನ ಬೆಂಚಿನವರೂ ಕೂಗುವಾಗ ಕಾರಿಡಾರಿನಲ್ಲಿ ಹೋಗುವ ಪ್ರಿನ್ಸಿಪಾಲರು ಒಂದು ಕ್ಷಣ ನಿಂತು ಮುಂದೆ ಹೋಗುತ್ತಿದ್ದರು. ಆ ನಿಲ್ಲುವಿಕೆಗಾಗಿಯೇ ನಾನು ದನಿ ಏರಿಸುತ್ತಿದ್ದೆನೋ ಏನೋ.

ಚುಕ್ಕೆ ಬಂದಾಗ ಮಾತ್ರ ಈ ಉತ್ಸಾಹ ಇಳಿಯುತ್ತಿತ್ತು. ಮೈಲುತುತ್ತದ ಸೂತ್ರದಲ್ಲಿ 'ಎಸ್‌ಓಫೋರ್' ಆದ ಮೇಲೆ ಒಂದು ಚುಕ್ಕೆ, ಅದರಾಚೆ ಐದು ನೀರು. ಕೆಲವರು ಅದನ್ನು ದಶಮಾಂಶದ ಚುಕ್ಕೆ ಎಂದು ಓದುತ್ತಾರೆ: ಆಕ್ಸಿಜನ್ ನಾಲ್ಕೂವರೆ! ಗಣಿತದಲ್ಲಿ ಚೆನ್ನಾಗಿರುವವರು ಚುಕ್ಕೆಯೆಂದರೆ ಗುಣಾಕಾರ ಎಂದು ತಿಳಿದು ಎಲ್ಲವನ್ನೂ ಎಲ್ಲದರಿಂದ ಗುಣಿಸಿ ಕೂರುತ್ತಾರೆ. ಸರಿಯಾದ ಲೆಕ್ಕ ತಾಮ್ರ 1, ಗಂಧಕ 1, ಆಕ್ಸಿಜನ್ ನಾಲ್ಕು ಮತ್ತು ಐದು ಸೇರಿ 9, ಹೈಡ್ರೋಜನ್ 10, ಒಟ್ಟು 21. "ಚುಕ್ಕೆ ಅಂದ್ರೆ ಪ್ಲಸ್ ಅಂತ ತಿಳ್ಕೊಳ್ರಪ್ಪ" ಎಂದು ನಾನು ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ. ಆ ನೀರು ಅಲ್ಲೇಕಿದೆ, ಅದಕ್ಕೆ ತೂಕವಿದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಆ ಕಾಲೇಜಿಗೆ ಆಗಷ್ಟೇ ವರ್ಗವಾಗಿ ಬಂದಿದ್ದೆ. ದ್ವಿತೀಯ ಪಿಯುಸಿಯ ಪ್ರಾಯೋಗಿಕ ಪರೀಕ್ಷೆಗೆ ಮುಂಚೆ ಕಾಲೇಜಿನಲ್ಲೇ ಒಂದು ಪೂರ್ವಸಿದ್ಧತಾ ಪರೀಕ್ಷೆ ಮಾಡುವ ರೂಢಿ. ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣ ಎಷ್ಟು ಗಟ್ಟಿ ಎಂಬುದನ್ನು ಆಕ್ಸಾಲಿಕ್ ಆಮ್ಲದಿಂದ ಅಳೆಯುವ ಟೈಟ್ರೇಷನ್ ಕೊಡುವುದೆಂದಾಯಿತು. ಪರ್ಮಾಂಗನೇಟನ್ನು ನೇರವಾಗಿ ತೂಗಿ ನಂಬುವ ಹಾಗಿಲ್ಲ, ಇಟ್ಟಲ್ಲೇ ಅಷ್ಟಿಷ್ಟು ಕೆಡುತ್ತದೆ. ಆಕ್ಸಾಲಿಕ್ ಹರಳು ಹಾಗಲ್ಲ. ಶುದ್ಧವಾಗಿ ಸಿಗುತ್ತದೆ, ತೂಗಿ ಕರಗಿಸಿದರೆ ಅದೇ ಅಳತೆಗೋಲು. ಉಳಿದದ್ದೆಲ್ಲ ಅದನ್ನು ನಂಬಿ ನಡೆಯುವಂಥದ್ದು.

ನಾನು ಸ್ಟಾಫ್ ರೂಮಿನಲ್ಲಿ ಕೂತು ಚೀಟಿ ಬರೆದೆ. ಥಿಯರಿ ತರಗತಿಯಲ್ಲಿ ಆಕ್ಸಾಲಿಕ್ ಆಮ್ಲವೆಂದರೆ 'ಸಿಓಓಎಚ್ ಹೋಲ್ ಟ್ವೈಸ್'. ನಾಲಗೆಗೆ ಅಂಟಿಕೊಂಡಿರುವ ಸೂತ್ರ ಅದು. ಕಾರ್ಬನ್ 24, ಆಕ್ಸಿಜನ್ 64, ಹೈಡ್ರೋಜನ್ 2, ಒಟ್ಟು 90. ಇಪ್ಪತ್ತರಲ್ಲಿ ಒಂದು ಮೋಲಾರ್ ಬೇಕು, ಲೀಟರಿಗೆ 4.5 ಗ್ರಾಂ. ಪರ್ಮಾಂಗನೇಟ್ 0.02 ಮೋಲಾರ್, ಲೀಟರಿಗೆ 3.16 ಗ್ರಾಂ. ಆಕ್ಸಾಲಿಕ್ ಹತ್ತು ಮಿ.ಲೀ. ತೆಗೆದುಕೊಂಡರೆ ಪರ್ಮಾಂಗನೇಟೂ ಹತ್ತೇ ಮಿ.ಲೀ. ಇಳಿಯಬೇಕು. ತಿದ್ದುವವನಿಗೂ ಸಲೀಸು.

ಚೀಟಿ ನೋಡಿದ ಲ್ಯಾಬಿನ ಅಟೆಂಡರ್ ಸ್ವಲ್ಪ ಹೊತ್ತು ಅಲ್ಲೇ ನಿಂತರು. ನನಗಿಂತ ಹಿರಿಯರು, ಆ ಲ್ಯಾಬಿನಲ್ಲೇ ತಲೆ ಹಣ್ಣಾದವರು.

"ಸಾರ್, ಆಕ್ಸಾಲಿಕ್ಕಿಗೆ ನಾವು ಯಾವಾಗ್ಲೂ 6.3 ಹಾಕೋದು."

"ಅದು ಬೇರೆ ಯಾವುದೋ ಸ್ಟ್ರೆಂತಿಗೆ ಇರಬೇಕು. ಚೀಟೀಲಿ ಬರೆದಷ್ಟು ಹಾಕಿ."

"ಆಯ್ತು ಸಾರ್."

ಬಾಟಲಿ ಕೈಗೆತ್ತಿಕೊಂಡು ಲೇಬಲ್ ನೋಡಿದ್ದರೆ ಮುಗಿದುಹೋಗುತ್ತಿತ್ತು. ಅದರ ಮೇಲೆ ಸೂತ್ರ, ಚುಕ್ಕೆ, ಚುಕ್ಕೆಯಾಚೆಯ ಎರಡು ನೀರು, ಕೆಳಗೆ 126.07 ಎಂಬ ಅಣುತೂಕ, ಎಲ್ಲವೂ ಅಚ್ಚಾಗಿತ್ತು.

ಮೊದಲ ಬ್ಯಾಚ್ ಲ್ಯಾಬಿಗೆ ಬಂತು. ಈ ಟೈಟ್ರೇಷನ್ ಮಾಡಿದವರಿಗೆ ಗೊತ್ತಿರುತ್ತದೆ: ಕಾನಿಕಲ್ ಫ್ಲಾಸ್ಕಿಗೆ ಆಕ್ಸಾಲಿಕ್, ಅದಕ್ಕೆ ಒಂದು ಟೆಸ್ಟ್ ಟ್ಯೂಬ್ ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್ ಹಾಕಿ, ಹಬೆ ಏಳುವಷ್ಟು, ಸುಮಾರು 60-70 ಡಿಗ್ರಿಗೆ ಬಿಸಿ ಮಾಡಿ ಬ್ಯೂರೆಟ್ಟಿನ ಕೆಳಗೆ ಹಿಡಿಯಬೇಕು. ಮೊದಲ ಹನಿಯ ನೇರಳೆ ಬಣ್ಣ ಹೋಗಲು ಬಹಳ ಸತಾಯಿಸುತ್ತದೆ. ಆಮೇಲೆ ಹುಟ್ಟಿದ ಮ್ಯಾಂಗನೀಸ್ ತಾನೇ ಕ್ರಿಯೆಗೆ ವೇಗ ಕೊಡುವುದರಿಂದ ಹನಿ ಬಿದ್ದಲ್ಲೇ ಮಾಯ. ಎಲ್ಲ ಆಕ್ಸಾಲಿಕ್ ಮುಗಿದ ಮೇಲೆ ಬೀಳುವ ಒಂದು ಹನಿ ಇಡೀ ಫ್ಲಾಸ್ಕಿಗೆ ತೆಳು ಗುಲಾಬಿ ಹಚ್ಚುತ್ತದೆ. ಅಲ್ಲಿ ನಲ್ಲಿ ತಿರುಗಿಸಿ ರೀಡಿಂಗ್ ತೆಗೆದುಕೊಳ್ಳಬೇಕು. ಪರ್ಮಾಂಗನೇಟ್ ಕಡು ಬಣ್ಣದ್ದಾದ್ದರಿಂದ ಬ್ಯೂರೆಟ್ಟಿನಲ್ಲಿ ದ್ರಾವಣದ ಕೆಳಗಿನ ಬಾಗು ಕಾಣಿಸುವುದಿಲ್ಲ, ಮೇಲಿನ ಅಂಚನ್ನೇ ಓದಬೇಕು.

ಒಬ್ಬ ಹುಡುಗಿ ಬಂದಳು. "ಸರ್, ಮೂರು ಸಲಾನೂ 7.1 ಬಂತು."

"ಪಿಪೆಟ್ ಯಾವುದ್ರಲ್ಲಿ ತೊಳೆದೆ?"

"ಮೊದ್ಲು ನೀರಲ್ಲಿ, ಆಮೇಲೆ ಆಕ್ಸಾಲಿಕ್ಕಲ್ಲಿ ಸರ್."

"ಬ್ಯೂರೆಟ್ಟಲ್ಲಿ ಮೇಲಿನ ಅಂಚು ನೋಡಿದ್ಯಾ?"

"ಮೇಲಿನದೇ ಸರ್."

ಒಂದೊಂದು ಉತ್ತರವೂ ಸರಿಯಿತ್ತು. ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ ಇರಬೇಕು. "ಹತ್ತರ ಹತ್ರ ಬರ್ಬೇಕಮ್ಮ. ಏಳು ಹ್ಯಾಗೆ ಬರತ್ತೆ? ಎಲ್ಲೋ ನೀರು ಸೇರಿಸಿದ್ದೀಯ. ಮತ್ತೆ ಮಾಡು" ಎಂದು ಇಡೀ ಲ್ಯಾಬಿಗೆ ಕೇಳುವ ಹಾಗೆ ಹೇಳಿದೆ. ನೀರು ಸೇರಿದ್ದು ನಿಜವೇ ಆಗಿತ್ತು. ಆದರೆ ಅದು ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟ, ಹರಳಿನೊಳಗಿನ ನೀರು.

ಆಮೇಲೆ ಬೇರೆ ಟೇಬಲ್ಲುಗಳಲ್ಲೂ ಕೆಲಸ ಚುರುಕಾಯಿತು. ಒಬ್ಬೊಬ್ಬರಾಗಿ ಹಾಳೆ ತಂದುಕೊಟ್ಟರು: 9.9, 10.0, 10.1. ಕೆಲವರ ಫ್ಲಾಸ್ಕುಗಳು ತೆಳು ಗುಲಾಬಿ ದಾಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಹತ್ತು ಆಗುವವರೆಗೂ ನಲ್ಲಿ ಬಿಟ್ಟೇ ಇದ್ದರೆಂದು ಆ ಬಣ್ಣವೇ ಹೇಳುತ್ತಿತ್ತು. ಎಂಡ್ ಪಾಯಿಂಟ್ ದಾಟಿಸಿದ್ದೀರಿ ಎಂದು ಎರಡು ಮಾತು ಆಡಿ ಸಹಿ ಹಾಕಿದೆ. ಆ ಹುಡುಗಿ ಮತ್ತೊಮ್ಮೆ ಮಾಡಿ ಮತ್ತೆ 7.1 ಬರೆದಳು. ಅದರಿಂದಲೇ ಲೆಕ್ಕ ಕಟ್ಟಿ ಪರ್ಮಾಂಗನೇಟಿನ ಸಾಂದ್ರತೆ 0.028 ಎಂದು ತೋರಿಸಿದ್ದಳು. ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಅಂಕ ಕಳೆದೆ.

ಸಂಜೆ ಮನಸ್ಸಿಗೆ ಸಮಾಧಾನವಾಗದೆ ನಾನೇ ಒಂದು ಟೈಟ್ರೇಷನ್ ಮಾಡಿ ನೋಡಿದೆ. 7.2 ಬಂತು. ಇಲ್ಲಿಗಾದರೂ ಬುದ್ಧಿ ಬರಬೇಕಿತ್ತು. ಹತ್ತಕ್ಕೆ ಏಳು ಬಂದಿದೆಯೆಂದರೆ ಎರಡು ದ್ರಾವಣಗಳಲ್ಲಿ ಒಂದು ತಪ್ಪಿದೆ. ಎರಡರಲ್ಲಿ ಯಾವುದು? ನನ್ನ ತಲೆ ಒಂದೇ ಕಡೆಗೆ ಹೋಯಿತು. ಪರ್ಮಾಂಗನೇಟ್ ತೂಗಿದವರು ಅಟೆಂಡರ್. "ಇದೇನ್ರೀ, ಜಾಸ್ತಿ ಹಾಕಿದ್ದೀರಲ್ಲ" ಎಂದೆ. ಅವರು ತಕ್ಕಡಿ ಒರೆಸುತ್ತಿದ್ದವರು ನಿಲ್ಲಿಸಿ, "ನೋಡ್ತೀನಿ ಸಾರ್" ಎಂದರಷ್ಟೆ. ಪರ್ಮಾಂಗನೇಟ್ ಹೆಚ್ಚಾಗಿದ್ದರೂ ಹುಡುಗಿಯ 7.1 ಸರಿಯೇ ಆಗುತ್ತದೆ, ಕಳೆದ ಅಂಕ ವಾಪಸ್ಸು ಕೊಡಬೇಕಾಗುತ್ತದೆ ಎಂಬುದು ಹೊಳೆಯದೆ ಇರಲಿಲ್ಲ. ಹೊಳೆದರೂ ಹಾಳೆಗಳ ಕಟ್ಟನ್ನು ಬಿಚ್ಚಲಿಲ್ಲ.

ಮಾರನೆಯ ಬ್ಯಾಚಿನಲ್ಲಿ ಎಲ್ಲರಿಗೂ ಹತ್ತರ ಆಸುಪಾಸು ಬಂತು. ಫ್ಲಾಸ್ಕುಗಳೂ ತೆಳು ಗುಲಾಬಿ. ನಾನು ಖುಷಿಯಾಗಿ, "ನೋಡಿ, ಈ ಬ್ಯಾಚಿನವರು ಶ್ರದ್ಧೆಯಿಂದ ಮಾಡಿದ್ದಾರೆ" ಎಂದು ಹೊಗಳಿದೆ. ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಗುಟ್ಟು ತಿಳಿದದ್ದು ಅಟೆಂಡರರ ಪುಸ್ತಕದಿಂದ. ಮೋರ್ಸ್ ಸಾಲ್ಟಿನ ದ್ರಾವಣಕ್ಕೆ ಎಷ್ಟು ಹಾಕುತ್ತೀರಿ ಎಂದು ಏನೋ ಕೇಳಲು ಹೋದಾಗ ಅವರಿಲ್ಲ, ಸಿಂಕಿನ ಮೇಲಿನ ಗೂಡಿನಲ್ಲಿ ಪುಸ್ತಕವಿತ್ತು. ಆಸಿಡ್ ಬಿದ್ದು ಅಂಚು ಕಂದಿದ, ನೂರು ಪುಟದ ರೂಲ್ಡ್ ನೋಟ್‌ಬುಕ್. ಅದರಲ್ಲಿ ಸೂತ್ರಗಳಿಲ್ಲ, ಅಣುತೂಕಗಳಿಲ್ಲ. ಹೆಸರು, ಅದರ ಮುಂದೆ ಲೀಟರಿಗೆ ಇಷ್ಟು ಗ್ರಾಂ, ಅಷ್ಟೇ. ಮೋರ್ಸ್ 19.6. ಹೈಪೋ 24.8. ಆಕ್ಸಾಲಿಕ್ 6.3. ಅದರ ಕೆಳಗೆ ಬೇರೆ ಪೆನ್ನಿನಲ್ಲಿ: 'ಹೊಸ ಸಾರ್ ಹೇಳಿದ್ದು 4.5 — ರೀಡಿಂಗ್ ಏಳು'. ಅದರ ಕೆಳಗೆ: 'ಪುನಃ 6.3 — ಹತ್ತು'.

ನಿಂತಲ್ಲೇ ಮನಸ್ಸಿನಲ್ಲಿ ಭಾಗಿಸಿದೆ. 90ನ್ನು 126ರಿಂದ ಭಾಗಿಸಿದರೆ 0.714. ಹತ್ತು ಮಿ.ಲೀ.ಗೆ 7.14. ಹುಡುಗಿ ಬ್ಯೂರೆಟ್ಟಿನಲ್ಲಿ ಓದಲು ಸಾಧ್ಯವಿದ್ದಷ್ಟು ಕರಾರುವಾಕ್ಕಾಗಿ ಓದಿದ್ದಳು. ಆ ಪುಸ್ತಕದ ಪ್ರತಿಯೊಂದು ಅಂಕಿಯಲ್ಲೂ ಹರಳಿನ ನೀರು ಸೇರಿಯೇ ಇತ್ತು: ಮೋರ್ಸ್ ಸಾಲ್ಟಿನ ಆರು, ಹೈಪೋದ ಐದು, ಆಕ್ಸಾಲಿಕ್ಕಿನ ಎರಡು. ಹಿಂದೆ ಯಾರೋ ಒಬ್ಬ ಉಪನ್ಯಾಸಕ ಬಾಟಲಿ ನೋಡಿ ಎಣಿಸಿ ಹೇಳಿದ್ದನ್ನು ಇವರು ಬರೆದಿಟ್ಟುಕೊಂಡಿದ್ದರು.

ಅದೇ ವರ್ಷ ಪ್ರಥಮ ಪಿಯುಸಿಗೆ ನಾನು ಡಾಲ್ಟನ್ನನ ಕಥೆಯನ್ನು ರಂಗುರಂಗಾಗಿ ಹೇಳಿ ನಗಿಸಿದ್ದೆ. ಪರಮಾಣುಗಳಿಗೆ ತೂಕ ಕಟ್ಟಬಹುದೆಂದು ಲೋಕಕ್ಕೆ ತೋರಿಸಿಕೊಟ್ಟ ಮ್ಯಾಂಚೆಸ್ಟರಿನ ಮೇಷ್ಟ್ರು ಜಾನ್ ಡಾಲ್ಟನ್ ನೀರಿನಲ್ಲಿ ಹೈಡ್ರೋಜನ್ ಒಂದು, ಆಕ್ಸಿಜನ್ ಒಂದು ಎಂದು ಎಣಿಸಿದ. ಎರಡು ಧಾತುಗಳಿಂದ ಒಂದೇ ಸಂಯುಕ್ತ ಗೊತ್ತಿದ್ದರೆ ಅತಿ ಸರಳ ಲೆಕ್ಕವನ್ನೇ ಹಿಡಿಯಬೇಕು ಎಂಬುದು ಅವನ ನಿಯಮ. 1808ರ ಅವನ ಗ್ರಂಥದಲ್ಲಿ ಹೈಡ್ರೋಜನ್ 1 ಆದರೆ ಆಕ್ಸಿಜನ್ನಿನ ತೂಕ 7. ಅಳತೆಯನ್ನು ಸರಿಪಡಿಸಿದರೂ ಅದು 8 ಆಗುತ್ತದೆಯೇ ಹೊರತು, ನೀರಿಗೆ ಎರಡು ಹೈಡ್ರೋಜನ್ ಎಂದು ಒಪ್ಪುವವರೆಗೆ 16 ಆಗುವುದಿಲ್ಲ. ಗೇ-ಲುಸಾಕ್ ಅಷ್ಟರಲ್ಲಾಗಲೇ ಹಂಬೋಲ್ಟನ ಜೊತೆ ಸೇರಿ ಎರಡು ಪಾಲು ಹೈಡ್ರೋಜನ್ನಿಗೆ ಒಂದು ಪಾಲು ಆಕ್ಸಿಜನ್ ಎಂದು ಅನಿಲಗಳ ಗಾತ್ರ ಅಳೆದು ತೋರಿಸಿದ್ದ. ಡಾಲ್ಟನ್ ಒಪ್ಪಲಿಲ್ಲ. ನಿನ್ನ ಅಳತೆಯೇ ಅಷ್ಟು ನಿಖರವಾಗಿಲ್ಲ ಎಂದ. ಅಳತೆಯ ಕೈಚಳಕದಲ್ಲಿ ಇಬ್ಬರಲ್ಲಿ ಗೇ-ಲುಸಾಕನೇ ಮೇಲಿದ್ದ ಎಂಬುದು ಇದರ ತಮಾಷೆ. 1811ರಲ್ಲಿ ಅವೊಗಾಡ್ರೊ ಬಂದು, ಅನಿಲದ ಒಂದು ಕಣದಲ್ಲಿ ಎರಡೆರಡು ಪರಮಾಣು ಇರಬಹುದಲ್ಲ ಎಂದು ಗಂಟು ಬಿಡಿಸಿದಾಗಲೂ ಹೆಚ್ಚಿನವರು ಕಿವಿಗೊಡಲಿಲ್ಲ. 1860ರಲ್ಲಿ ಕಾರ್ಲ್ಸ್‌ರೂಹೆಯ ಸಮ್ಮೇಳನದಲ್ಲಿ ಕನಿಜಾರೊ ಅದನ್ನೇ ಮತ್ತೆ ಎತ್ತಿ ಹಿಡಿಯುವವರೆಗೆ ಒಬ್ಬೊಬ್ಬ ರಸಾಯನಶಾಸ್ತ್ರಜ್ಞನದು ಒಂದೊಂದು ಎಣಿಕೆ. ಮಾರನೆಯ ವರ್ಷ ಬಂದ ಕೆಕುಲೆಯ ಪಠ್ಯಪುಸ್ತಕದಲ್ಲಿ ಅಸಿಟಿಕ್ ಆಮ್ಲ ಒಂದಕ್ಕೇ ಬಳಕೆಯಲ್ಲಿದ್ದ 19 ಸೂತ್ರಗಳ ಪಟ್ಟಿಯಿದೆ. ಒಂದು ವಿನಿಗರಿಗೆ!

ಇದನ್ನೆಲ್ಲ ಹೇಳಿ, "ಎಷ್ಟು ಹಟಮಾರಿ ಮೇಷ್ಟ್ರು ನೋಡಿ" ಎಂದಿದ್ದೆ. ಡಾಲ್ಟನ್ನನ ಪರವಾಗಿ ಒಂದು ಮಾತು ಹೇಳಬಹುದು. ಅವನ ಕಾಲದಲ್ಲಿ ಬಾಟಲಿಗಳ ಮೇಲೆ ಸೂತ್ರ ಅಚ್ಚಾಗಿರಲಿಲ್ಲ.

ಹುಡುಗಿಯ ಅಂಕ ತಿದ್ದಿದೆ. ಗದ್ದಲವಿಲ್ಲದೆ, ಪಟ್ಟಿಯಲ್ಲಿ. ಅವಳನ್ನು ಕರೆಯಲಿಲ್ಲ. ಅಟೆಂಡರರಿಗೆ "ನಿಮ್ಮ 6.3 ಸರಿ ಇತ್ತು ಬಿಡಿ" ಎಂದೆ, ಆ 'ಬಿಡಿ'ಯಲ್ಲಿ ಎಲ್ಲವನ್ನೂ ಮುಗಿಸುವವನಂತೆ. ಅವರು ನಕ್ಕು ಬೇರೆ ಮಾತಿಗೆ ಹೋದರು, ಅವರ ದೊಡ್ಡತನ. ತರಗತಿಗೆ ಮಾತ್ರ ಹೇಳಲಿಲ್ಲ. ಬೋರ್ಡಿನ ಪರೀಕ್ಷೆ ಎದುರಿಗಿದೆ, ಈಗ ಗೊಂದಲವೇಕೆ ಎಂದು ನೆಪ ಹೇಳಿಕೊಂಡೆ. ನಿಜವಾದ ಕಾರಣ ಬೇರೆ. 7.1 ಸರಿಯೆಂದು ಒಪ್ಪಿದರೆ ಮೊದಲ ಬ್ಯಾಚಿನ ಅಷ್ಟೂ 10.0ಗಳು ಸುಳ್ಳಾಗುತ್ತವೆ. ಆ ಸುಳ್ಳು ಎಲ್ಲಿಂದ ಬಂತೆಂದು ಕೇಳಬೇಕಾಗುತ್ತದೆ. ಬಂದದ್ದು ನನ್ನಿಂದ. 'ಹತ್ತರ ಹತ್ರ ಬರ್ಬೇಕಮ್ಮ' ಎಂದು ಗದರಿದಾಗ ಇಡೀ ಲ್ಯಾಬಿಗೆ ಉತ್ತರ ಹೇಳಿಕೊಟ್ಟಿದ್ದೆ. ಮಕ್ಕಳು ಕಳ್ಳರಲ್ಲ, ಚುರುಕಾದವರು. ಮೇಷ್ಟ್ರಿಗೆ ಏನು ಬೇಕೆಂದು ಅರ್ಥಮಾಡಿಕೊಂಡು ಅದನ್ನು ಕೊಟ್ಟರು. ಆ ವರ್ಷ ಆ ತರಗತಿ ನನ್ನಿಂದ ಕಲಿತ ರಸಾಯನಶಾಸ್ತ್ರದಲ್ಲಿ ಅದೇ ಚೆನ್ನಾಗಿ ತಲೆಗೆ ಹತ್ತಿದ ಪಾಠವಿರಬೇಕು. ಅವರೆಲ್ಲ ಈಗ ಎಲ್ಲೆಲ್ಲೋ ಇದ್ದಾರೆ. ಕೆಲವರು ರಕ್ತ ಪರೀಕ್ಷೆಯ ಲ್ಯಾಬುಗಳಲ್ಲೂ ಇರಬಹುದು. ಯೋಚನೆ ಅಲ್ಲಿಗೆ ಹೋದಾಗ ನಿದ್ದೆ ದೂರವಾಗುತ್ತದೆ.

ಈಗ ನಾನು ಎಣಿಕೆಯನ್ನು ಬೋರ್ಡಿನಿಂದ ಶುರುಮಾಡುವುದಿಲ್ಲ. ಅಡಿಕೆ ತೋಟದ ಮನೆಯ ಮಕ್ಕಳು ನಮ್ಮಲ್ಲಿ ಪ್ರತಿ ವರ್ಷವೂ ಇರುತ್ತಾರೆ, ಅವರಿಂದ ಒಂದು ಹಿಡಿ ಮೈಲುತುತ್ತ ತರಿಸುತ್ತೇನೆ. ಒಂದು ಹರಳನ್ನು ಪುಡಿಮಾಡಿ ಒಣ ಟೆಸ್ಟ್ ಟ್ಯೂಬಿಗೆ ಹಾಕಿ, ಬಾಯಿಯನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ ಹಿಡಿದು ಕಾಯಿಸುವುದು. ನೀಲಿ ಅಂಚಿನಿಂದ ಮಾಸುತ್ತಾ ಬರುತ್ತದೆ, ಬೂದಿಬಿಳಿಯಾಗುತ್ತದೆ. ಟ್ಯೂಬಿನ ಬಾಯಿಯ ಹತ್ತಿರ, ಗಾಜು ತಣ್ಣಗಿರುವ ಕಡೆ, ಸಣ್ಣ ಸಣ್ಣ ನೀರಿನ ಮಣಿಗಳು ಕಟ್ಟಿಕೊಳ್ಳುತ್ತವೆ. "ಎಲ್ಲಿಂದ ಬಂತು ಸರ್, ಒಣಗೇ ಇತ್ತಲ್ಲ" ಎಂದು ಯಾರಾದರೂ ಕೇಳಿದರೆ ಆ ದಿನದ ಕೂಲಿ ಗಿಟ್ಟಿತು. ಬಿಳಿ ಪುಡಿ ಆರಿದ ಮೇಲೆ ಒಂದು ಹನಿ ನೀರು ಬಿಟ್ಟರೆ ನೀಲಿ ವಾಪಸ್ಸು, ಟ್ಯೂಬಿನ ತಳ ಮುಟ್ಟಿದರೆ ಬಿಸಿ. ಚುಕ್ಕೆಯಾಚೆಗಿನ ಐದು ನೀರು ಕಾಗದದ ಮೇಲಿನ ಅಲಂಕಾರವಲ್ಲ ಎಂಬುದಕ್ಕೆ ನನ್ನ ಭಾಷಣದ ಅಗತ್ಯ ಆಮೇಲೆ ಬೀಳುವುದಿಲ್ಲ. ಉತ್ಸಾಹವಿದ್ದವರಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಆ ಐದೂ ಒಂದೇ ರೀತಿ ಕೂತಿಲ್ಲ. ನಾಲ್ಕು ತಾಮ್ರವನ್ನು ಸುತ್ತುವರಿದಿವೆ, ಒಂದು ದೂರದಲ್ಲಿ ಸಲ್ಫೇಟಿನ ಕಡೆ ವಾಲಿದೆ. ಬೀವರ್ಸ್ ಮತ್ತು ಲಿಪ್ಸನ್ 1934ರಲ್ಲಿ ಎಕ್ಸ್-ರೇ ಹಾಯಿಸಿ ಇದನ್ನು ಕಂಡುಕೊಂಡರು.

ತೋಟದ ಮಕ್ಕಳಿಗೆ ಲೆಕ್ಕವೂ ಇದರಲ್ಲೇ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ 100 ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಆರಂಭದಲ್ಲಿ ಈ ರೋಗದ ಬೆನ್ನುಹತ್ತಿ ಕೆಲಸ ಮಾಡಿದವರು. ಒಂದು ಕೆಜಿ ತುತ್ತದಲ್ಲಿ ತಾಮ್ರವೆಷ್ಟು ಎಂದು ಮಕ್ಕಳು ಎಣಿಸುತ್ತಾರೆ: ಸುಮಾರು 255 ಗ್ರಾಂ. ನೀರು 360 ಗ್ರಾಂ. "ಅಂದ್ರೆ ಅಪ್ಪ ನೀರಿಗೂ ದುಡ್ಡು ಕೊಡ್ತಿದಾರಾ ಸರ್?" ಎಂದು ಒಬ್ಬ ಕೇಳಿದ. ಕೊಡುತ್ತಿದ್ದಾರೆ. ಆದರೆ ಆ ಒಂದು ಕೆಜಿಯ ಲೆಕ್ಕವನ್ನು ನೀಲಿ ಹರಳಿಗೇ ಕಟ್ಟಿದ್ದು, ನೀರನ್ನೂ ಸೇರಿಸಿ, ನಮ್ಮ ಅಟೆಂಡರರ ಪುಸ್ತಕದ ಹಾಗೆಯೇ. ಬಿಳಿ ಪುಡಿ ತಂದು ಅಷ್ಟೇ ತೂಕ ಹಾಕಿದರೆ ತಾಮ್ರ ಒಂದೂವರೆ ಪಟ್ಟು ಹೆಚ್ಚಾಗಿ ಸುಣ್ಣದ ಲೆಕ್ಕ ಕೆಡುತ್ತದೆ.

ಟೈಟ್ರೇಷನ್ ಈಗಲೂ ಅದೇ: ಪರ್ಮಾಂಗನೇಟ್, ಆಕ್ಸಾಲಿಕ್. ಆದರೆ ಹತ್ತಕ್ಕೆ ಹತ್ತು ಬರುವ ದ್ರಾವಣ ಮಾಡಿಸುವುದನ್ನು ಬಿಟ್ಟಿದ್ದೇನೆ. ಟೇಬಲ್ಲಿಗೊಂದು ಸಾಂದ್ರತೆ. ಒಬ್ಬರಿಗೆ 8.6 ಬಂದರೆ ಪಕ್ಕದವರಿಗೆ 11.3. ಪರ್ಮಾಂಗನೇಟಿನ ಬಾಟಲಿಗಳ ಮೇಲೆ ಬರೀ ನಂಬರು. ಆಕ್ಸಾಲಿಕ್ಕನ್ನು ಮಕ್ಕಳೇ ಬಾಟಲಿಯ ಲೇಬಲ್ ಓದಿ, ಪರಮಾಣು ಎಣಿಸಿ, ತೂಗಿ ಮಾಡಿಕೊಳ್ಳಬೇಕು. ಇದರಿಂದ ತಿದ್ದುವ ಕೆಲಸ ಮೂರು ಪಟ್ಟಾಗಿದೆ, ಸಹೋದ್ಯೋಗಿಗಳು ಗೊಣಗುತ್ತಾರೆ. ಆ ಹಳೆಯ ಅಟೆಂಡರ್ ನಿವೃತ್ತರಾದರು. ಈಗಿನವರು ಹುಡುಗ, ಅವರ ಅಂಕಿಗಳೆಲ್ಲ ಮೊಬೈಲಿನಲ್ಲಿ. ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಮೆಲ್ಲಗೆ ಹತ್ತಿರ ಬಂದು ಕೇಳುತ್ತಾರೆ, "ಸರ್, ಎಷ್ಟು ಬರ್ಬೇಕು?" ಗೊತ್ತಿಲ್ಲ ಎನ್ನುತ್ತೇನೆ. ನಂಬುವುದಿಲ್ಲ, ನಕ್ಕು ಹೋಗುತ್ತಾರೆ. ಯಾವ ನಂಬರಿನಲ್ಲಿ ಎಷ್ಟಿದೆಯೆಂದು ಎಲ್ಲ ಹಾಳೆಗಳನ್ನೂ ತಿದ್ದಿ ಮುಗಿಸುವವರೆಗೆ ನನಗೂ ಹೇಳಕೂಡದೆಂದು ಅಟೆಂಡರಿಗೆ ತಾಕೀತು ಮಾಡಿದ್ದೇನೆ.